ಗಾಳಿಯ ಲೆಕ್ಕ ಬಿಡಿಸಿದ ಕ್ಯಾರಿಯರ್

ಬೇಸಿಗೆ ರಜೆಗೆ ರೋಣಕ್ಕೆ ಬಂದಾಗಲೆಲ್ಲ ನಾನು ಕಾಕಾನ ಜೊತೆ ಕೂಲರ್, ಎಸಿ ರಿಪೇರಿಗೆ ಹೋಗುತ್ತೇನೆ. ಈ ಸಲ ಒಂದು ಮನೆಯಲ್ಲಿ ಎಸಿಯ ಫಿಲ್ಟರ್ ತೊಳೆಯುತ್ತಿದ್ದೆ. ಬಿಇ ಓದುವ ಹುಡುಗನಿಗೆ ಇದೇ ಕೆಲಸವೇ ಎಂದು ಪರಿಚಿತರೊಬ್ಬರು ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಆಧುನಿಕ ಎಸಿಗೆ ಬುನಾದಿ ಹಾಕಿದ ವಿಲ್ಲಿಸ್ ಕ್ಯಾರಿಯರ್ ಅವರ ಬದುಕನ್ನು ಓದಿದ ಮೇಲೆ ಅದು ಸಿಕ್ಕಿತು.

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನ ಒಕ್ಕಲುತನದ ಮನೆಯಲ್ಲಿ. ಚಿಕ್ಕವರಿದ್ದಾಗ ಭಿನ್ನರಾಶಿ ಅವರ ತಲೆಗೆ ಹತ್ತುತ್ತಿರಲಿಲ್ಲ. ತಾಯಿ ಸೇಬುಹಣ್ಣು ಹೋಳು ಮಾಡಿಸಿ ಲೆಕ್ಕ ಕಲಿಸಿದರು. ಮುಂದೆ ವಿದ್ಯಾರ್ಥಿವೇತನ ಪಡೆದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಉಳಿದ ಖರ್ಚಿಗಾಗಿ ಅಂಗಳದ ಹುಲ್ಲು ಕತ್ತರಿಸಿದರು, ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುವ ಕುಲುಮೆಗಳನ್ನು ನೋಡಿಕೊಂಡರು.

1901ರಲ್ಲಿ ಪದವಿ ಮುಗಿಸಿ ಬಫಲೊ ಫೋರ್ಜ್ ಕಂಪನಿ ಸೇರಿದಾಗ ಅವರ ಸಂಬಳ ವಾರಕ್ಕೆ 10 ಡಾಲರ್. ಮರುವರ್ಷ ಬ್ರೂಕ್ಲಿನ್‌ನ ಮುದ್ರಣಾಲಯವೊಂದರ ಸಮಸ್ಯೆ ಅವರ ಮೇಜಿಗೆ ಬಂತು. ಗಾಳಿಯಲ್ಲಿ ತೇವ ಹೆಚ್ಚಾದರೆ ಕಾಗದ ಹಿಗ್ಗುತ್ತಿತ್ತು, ಕಡಿಮೆಯಾದರೆ ಕುಗ್ಗುತ್ತಿತ್ತು. ಹಾಗಾಗಿ ಒಂದರ ಮೇಲೊಂದು ಅಚ್ಚಾಗುವ ಬಣ್ಣಗಳು ಜಾಗ ತಪ್ಪುತ್ತಿದ್ದವು. ತಣ್ಣೀರು ತುಂಬಿದ ತಂಬಿಗೆಯ ಹೊರಗೆ ಹನಿ ಮೂಡುವುದನ್ನು ನಾವೆಲ್ಲ ನೋಡಿದ್ದೇವೆ. ಅದೇ ರೀತಿ ತಂಪಾದ ಕೊಳವೆಗಳ ಮೇಲೆ ಗಾಳಿ ಹಾಯಿಸಿ, ತೇವ ಇಳಿಸಿ, 55 ಪ್ರತಿಶತದಲ್ಲಿ ನಿಲ್ಲಿಸುವ ವ್ಯವಸ್ಥೆಯನ್ನು ಅವರು ರೂಪಿಸಿದರು. ಆ ನಕ್ಷೆಯ ಮೇಲಿನ ದಿನಾಂಕ 1902ರ ಜುಲೈ 17. ಆಗ ಅವರಿಗೆ 25 ವರ್ಷ.

ಅದೇ ವರ್ಷ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ಮಂಜು ನೋಡುತ್ತಾ ನಿಂತಾಗ ಇನ್ನೊಂದು ಉಪಾಯ ಹೊಳೆಯಿತು. ತಣ್ಣೀರು ಸಿಂಪಡಿಸಿಯೇ ಗಾಳಿಯ ತೇವ ಕಡಿಮೆ ಮಾಡಬಹುದು! 1906ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1911ರಲ್ಲಿ ಅವರು ಗಾಳಿ, ತೇವ, ಉಷ್ಣತೆಗಳ ಸಂಬಂಧದ ಸೂತ್ರಗಳನ್ನು ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟರು. ನಾವು ಕಾಲೇಜಿನಲ್ಲಿ ಓದುವ ಸೈಕ್ರೊಮೆಟ್ರಿಕ್ ಚಾರ್ಟ್‌ನ ಹಿಂದೆ ಆ ಕೆಲಸವಿದೆ.

1914ರಲ್ಲಿ ಮಹಾಯುದ್ಧ ಶುರುವಾದಾಗ ಕಂಪನಿ ಬರೀ ತಯಾರಿಕೆಗೆ ಸೀಮಿತವಾಗಲು ನಿರ್ಧರಿಸಿತು. ಕ್ಯಾರಿಯರ್ ಸೇರಿ ಏಳು ಎಂಜಿನಿಯರುಗಳು ತಮ್ಮ ಉಳಿತಾಯದ 32,600 ಡಾಲರ್ ಕೂಡಿಸಿ 1915ರಲ್ಲಿ ಸ್ವಂತ ಕಂಪನಿ ಕಟ್ಟಿದರು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರ ತಂಪಾಯಿತು. 1928ರಲ್ಲಿ ಮನೆಗಳಿಗೆಂದೇ ವೆದರ್‌ಮೇಕರ್ ಬಂತು, ಆದರೆ ಆರ್ಥಿಕ ಕುಸಿತದಿಂದ ಹೆಚ್ಚು ಹರಡಲಿಲ್ಲ. 1950ರ ಅಕ್ಟೋಬರ್ 7ರಂದು ಕ್ಯಾರಿಯರ್ ತೀರಿಕೊಂಡರು.

ಏಪ್ರಿಲ್‌ನ ಒಣ ಗಾಳಿಯಲ್ಲಿ ಕೂಲರ್ ತಂಪು ಕೊಡುತ್ತದೆ, ಮಳೆಗಾಲದಲ್ಲಿ ಬರೀ ಜಿಗುಟು. ಕಿಟಕಿ ತೆರೆದಿಡಬೇಕು, ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ಪ್ಯಾಡ್ ತೊಳೆಯಬೇಕು, ಎಸಿಯ ಫಿಲ್ಟರ್‌ನಲ್ಲಿ ಧೂಳು ಕೂರಲು ಬಿಡಬಾರದು. ಇದೆಲ್ಲ ಕಾಕಾನಿಗೆ ಅನುಭವದಿಂದ ಗೊತ್ತು. ಅದರ ಕಾರಣ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಆದರೆ ಆ ಪ್ಯಾಡ್ ಕೈಯಲ್ಲಿ ಹಿಡಿಯುವವರೆಗೆ ನನಗೆ ಅದು ತಿಳಿದಿರಲಿಲ್ಲ.

ಕುಲುಮೆ ನೋಡಿಕೊಳ್ಳಲು ಕ್ಯಾರಿಯರ್ ನಾಚಲಿಲ್ಲ. ನಾಳೆ ಗಜೇಂದ್ರಗಡದಲ್ಲಿ ಎರಡು ಎಸಿ ಸರ್ವಿಸ್ ಇವೆ. ನಾನೂ ಹೋಗುತ್ತಿದ್ದೇನೆ.