ವಿಮಾನದ ಮೋಜಿನಲ್ಲಿ ಐಬಿಎಂ ಕೈತಪ್ಪಿತೇ? ಗ್ಯಾರಿ ಕಿಲ್ಡಾಲ್ ಅವರ ನಿಜ ಕಥೆ

ಐಬಿಎಂನವರು ಬಾಗಿಲಿಗೆ ಬಂದಾಗ ಗ್ಯಾರಿ ಕಿಲ್ಡಾಲ್ ಮೋಜಿಗೆ ವಿಮಾನ ಹಾರಿಸುತ್ತಿದ್ದರು, ಅದೃಷ್ಟ ಬಿಲ್ ಗೇಟ್ಸ್ ಪಾಲಾಯಿತು. ಇಂಥದ್ದೊಂದು ಕಥೆ ದಶಕಗಳಿಂದ ಓಡಾಡುತ್ತಿದೆ. ಇದು ಎಷ್ಟು ನಿಜ? ನೋಡೋಣ.

ಯಾರು ಈ ಕಿಲ್ಡಾಲ್?

ಹುಟ್ಟಿದ್ದು 1942ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಶಿಕ್ಷಣ ಸಂಸ್ಥೆಯೊಂದರಲ್ಲಿ ಪಾಠ ಮಾಡುತ್ತಿದ್ದರು. 1974ರಲ್ಲಿ ಸಣ್ಣ ಕಂಪ್ಯೂಟರಿಗೆ ಫ್ಲಾಪಿ ಡಿಸ್ಕ್ ಜೋಡಿಸಿ, ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಬರೆದರು.

ಅಸಲಿ ಸಾಧನೆ ಏನು?

ಆಗ ಒಂದೊಂದು ಕಂಪನಿಯ ಡಿಸ್ಕ್ ಕಂಟ್ರೋಲರ್‌ಗೂ ಒಂದೊಂದು ಬಗೆಯ ಕಮಾಂಡ್. ಒಂದಕ್ಕೆ ಅರ್ಥವಾಗುವ ಆಜ್ಞೆ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಹೊಸ ಯಂತ್ರ ಬಂದಾಗಲೆಲ್ಲ ಸಿಪಿ/ಎಂ ಅನ್ನು ತಿದ್ದಬೇಕಿತ್ತು. ಇಮ್ಸಾಯ್ ಕಂಪನಿಯ ಯಂತ್ರಕ್ಕೆ ಹೊಂದಿಸುವ ಹೊತ್ತಿಗೆ ಕಿಲ್ಡಾಲ್ ಇದಕ್ಕೊಂದು ದಾರಿ ಕಂಡುಕೊಂಡರು: ಸಿಸ್ಟಂ ಅನ್ನೇ ಭಾಗ ಮಾಡಿದರು.

ದೊಡ್ಡ ಭಾಗ ಎಲ್ಲ ಯಂತ್ರಗಳಲ್ಲೂ ಒಂದೇ. ಅದು ಹೇಳುವುದು ಇಷ್ಟೇ: ಇಂಥ ಟ್ರ್ಯಾಕ್‌ನ ಇಂಥ ಸೆಕ್ಟರ್ ಓದು ಅಥವಾ ಬರೆ. ಅದನ್ನು ಆಯಾ ಡಿಸ್ಕಿಗೆ ತಿಳಿಯುವಂತೆ ಹೇಳುವ ದುಭಾಷಿಯೇ ಚಿಕ್ಕ ಭಾಗ. ಅದರ ಹೆಸರು ಬಯೋಸ್. ಹೊಸ ಡಿಸ್ಕ್ ಬಂದರೆ ಬಯೋಸ್ ಮಾತ್ರ ಬದಲಿಸಿದರೆ ಸಾಕು. ಹೀಗಾಗಿ ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ಸಿಪಿ/ಎಂ ಓಡಿತು. ಇಂದು ನಮ್ಮ ಫೋನು, ಕಂಪ್ಯೂಟರುಗಳಲ್ಲಿ ಇದೇ ದುಭಾಷಿ ಕೆಲಸ ಮಾಡುವುದು ಡಿವೈಸ್ ಡ್ರೈವರ್.

ಹಾಗಾದರೆ ವಿಮಾನದ ಕಥೆ?

ಅರ್ಧ ಮಾತ್ರ ನಿಜ. 1980ರಲ್ಲಿ ಐಬಿಎಂ ತಂಡ ಬಂದ ದಿನ ಅವರು ವಿಮಾನದಲ್ಲಿ ಹೋಗಿದ್ದು ಹೌದು. ಆದರೆ ಮೋಜಿಗಲ್ಲ, ಮೊದಲೇ ಗೊತ್ತುಮಾಡಿದ್ದ ವ್ಯವಹಾರದ ಭೇಟಿಗೆ. ಕಂಪನಿಯ ವ್ಯವಹಾರ ನೋಡುತ್ತಿದ್ದ ಪತ್ನಿ ಡೊರೊಥಿ, ಐಬಿಎಂ ತಂದಿದ್ದ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಲು ಹಿಂಜರಿದರು. ಮಧ್ಯಾಹ್ನ ಕಿಲ್ಡಾಲ್ ವಾಪಸಾದರೂ ವ್ಯವಹಾರ ಕುದುರಲಿಲ್ಲ. ಐಬಿಎಂ ಮೈಕ್ರೋಸಾಫ್ಟ್ ಕಡೆ ಹೊರಳಿತು. ಮೈಕ್ರೋಸಾಫ್ಟ್ ಸಿಯಾಟಲ್‌ನ ಇನ್ನೊಂದು ಕಂಪನಿಯಿಂದ ಸಿಪಿ/ಎಂ ಮಾದರಿಯದೇ ಸಿಸ್ಟಂ ಕೊಂಡುಕೊಟ್ಟಿತು. ಮುಂದೆ ಐಬಿಎಂ ಎರಡನ್ನೂ ಮಾರಿತು: ಪಿಸಿ ಡಾಸ್‌ಗೆ 40 ಡಾಲರ್, ಸಿಪಿ/ಎಂಗೆ 240 ಡಾಲರ್. ಗ್ರಾಹಕರು ಯಾವುದನ್ನು ಕೊಂಡರೆಂದು ಹೇಳಬೇಕಿಲ್ಲ!

ಕಿಲ್ಡಾಲ್ 1994ರಲ್ಲಿ, 52ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂದು ದಿನದ ಗೈರುಹಾಜರಿಗಾಗಿ ಅವರನ್ನು ನೆನೆಯುವುದು ಅನ್ಯಾಯ. ಈ ಫಾರ್ವರ್ಡ್ ಮತ್ತೆ ಬಂದರೆ, ಉಳಿದರ್ಧ ಕಥೆಯನ್ನೂ ಕಳಿಸೋಣ.