ಎರಡು ಕೋಲು, ನಡುವೆ ಸರಪಳಿ

ಕುರ್ಲಾ ನೆಹರೂ ನಗರದ ನಮ್ಮ ಸೊಸೈಟಿಯ ಟೆರೇಸಿನಲ್ಲಿ ಪ್ರತಿ ಭಾನುವಾರ ನಾಲ್ಕಾರು ಹುಡುಗರಿಗೆ ನಂಚಾಕು ಹೇಳಿಕೊಡುತ್ತೇನೆ. ವಾರವಿಡೀ ಬಿಕೆಸಿಯ ಆಫೀಸಿನಲ್ಲಿ ಲೆಕ್ಕ ನೋಡುವವನಿಗೆ ಇದೊಂದು ಹುಚ್ಚು. ಹುಡುಗರಿಗೆ ಬ್ರೂಸ್ ಲೀಯ ವೇಗ ಬೇಕು, ವಾರ್ಮ್‌ಅಪ್ ಬೇಡ. ಹಾಗಾಗಿ ಅವನ ಕತೆ ಹೇಳಬೇಕಾಗುತ್ತದೆ.

ಲೀ ಹುಟ್ಟಿದ್ದು 1940ರ ನವೆಂಬರ್ 27ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಪ್ಪ ಕ್ಯಾಂಟನೀಸ್ ಒಪೆರಾದ ನಟ. ನಮ್ಮ ಯಕ್ಷಗಾನ ಮೇಳಗಳ ಹಾಗೆ ತಿರುಗಾಟದಲ್ಲಿದ್ದಾಗ ಮಗ ಹುಟ್ಟಿದ. ಬೆಳೆದದ್ದು ಹಾಂಗ್‌ಕಾಂಗ್‌ನಲ್ಲಿ, ವಿಂಗ್ ಚುನ್ ಕಲಿತದ್ದು ಇಪ್ ಮ್ಯಾನ್ ಬಳಿ. ಬೀದಿ ಜಗಳ ಅತಿಯಾದಾಗ 1959ರಲ್ಲಿ ಮನೆಯವರು ಅಮೆರಿಕಕ್ಕೆ ಅಟ್ಟಿದರು. ಸಿಯಾಟಲ್‌ನ ಹೋಟೆಲೊಂದರಲ್ಲಿ ದುಡಿಯುತ್ತ ಓದಿದ. ಮುಂಬೈ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆ ಕಲಿತ ನಮ್ಮ ಕರಾವಳಿಯ ಹಿರಿಯರಿಗೆ ಇದೇನೂ ಹೊಸ ಕತೆಯಲ್ಲ.

ನಂಚಾಕು ಓಕಿನಾವಾ ದ್ವೀಪದ್ದು. ಸುಮಾರು ಒಂದಡಿಯ ಎರಡು ಕೋಲು, ನಡುವೆ ಹಗ್ಗ ಇಲ್ಲವೇ ಸರಪಳಿ. ಲೀಗೆ ಅದನ್ನು ಪರಿಚಯಿಸಿದ್ದು ಫಿಲಿಪಿನೊ ಮೂಲದ ಗೆಳೆಯ, ಶಿಷ್ಯ ಡ್ಯಾನ್ ಇನೊಸಾಂಟೊ. ಬೀಸುವುದು ಯಾರಿಗೂ ಬರುತ್ತದೆ, ನಿಲ್ಲಿಸುವುದನ್ನು ಕಲಿಯಬೇಕು. ಕೋಲನ್ನು ಸರಪಳಿಯ ಹತ್ತಿರ ಹಿಡಿದರೆ ಹತೋಟಿ ಹೆಚ್ಚು, ತುದಿಯಲ್ಲಿ ಹಿಡಿದರೆ ಪೆಟ್ಟು ಹೆಚ್ಚು. ಭುಜದ ಮೇಲಿಂದ ಬಂದದ್ದನ್ನು ಕಂಕುಳಿನಲ್ಲಿ ಹಿಡಿಯಬೇಕು. ಎಂಟರ ಆಕಾರದಲ್ಲಿ ತಿರುಗಿಸುವಾಗ ಕೆಲಸ ಮಣಿಕಟ್ಟಿನದು. ಗುರಿಗೆ ಬಡಿದ ಕೋಲು ಹೇಗೆ ಪುಟಿದು ಬರುತ್ತದೋ ಹೇಳಲಾಗದು, ಅದಕ್ಕೇ ಹೊಸಬರ ಕೈಗೆ ಸ್ಪಂಜು ಸುತ್ತಿದ್ದನ್ನೇ ಕೊಡುತ್ತೇನೆ. ಲೀ ಕೈಯಿಂದ ಕೈಗೆ ದಾಟಿಸುತ್ತಿದ್ದ ಆ ಚಮತ್ಕಾರ, ನನ್ನ ಮಟ್ಟಿಗೆ, ಕಾದಾಟಕ್ಕಿಂತ ಕ್ಯಾಮೆರಾಕ್ಕೆ ಒಪ್ಪುವಂಥದ್ದು.

1970ರಲ್ಲಿ ಒಂದು ದಿನ ಸರಿಯಾಗಿ ವಾರ್ಮ್‌ಅಪ್ ಮಾಡದೆ ಭಾರ ಹೊತ್ತು ಬಗ್ಗಿದ. ಬೆನ್ನಿನ ನರಕ್ಕೆ ಪೆಟ್ಟಾಯಿತು. ಇನ್ನು ಒದೆಯುವ ಮಾತೇ ಇಲ್ಲ ಎಂದರು ವೈದ್ಯರು. ತಿಂಗಳುಗಟ್ಟಲೆ ಮಲಗಿದಲ್ಲೇ ಓದಿದ, ಟಿಪ್ಪಣಿ ಬರೆದ. ಅವು ಅವನು ಸತ್ತ ಮೇಲೆ ಪುಸ್ತಕವಾದವು. ಹುಡುಗರು ಬಾಯಿಬಿಟ್ಟು ನೋಡುವ 'ಫಿಸ್ಟ್ ಆಫ್ ಫ್ಯೂರಿ'ಯ ನಂಚಾಕು ಈ ಬೆನ್ನುನೋವಿನ ನಂತರದ್ದು, 1972ರದ್ದು. ಇಷ್ಟು ಹೇಳಿದ ಮೇಲೆ ಟೆರೇಸಿನಲ್ಲಿ ಯಾರೂ ವಾರ್ಮ್‌ಅಪ್ ತಪ್ಪಿಸುವುದಿಲ್ಲ.

1973ರ ಜುಲೈ 20ರಂದು ಹಾಂಗ್‌ಕಾಂಗ್‌ನಲ್ಲಿ ಲೀ ತೀರಿಕೊಂಡ. ವಯಸ್ಸು 32. 'ಎಂಟರ್ ದಿ ಡ್ರ್ಯಾಗನ್' ತೆರೆಗೆ ಬಂದದ್ದು ಮರು ತಿಂಗಳು. ಮಣ್ಣು ಮಾಡಿದ್ದು ಸಿಯಾಟಲ್‌ನಲ್ಲಿ. ಪಕ್ಕದಲ್ಲೇ ಮಗ ಬ್ರ್ಯಾಂಡನ್‌ನ ಸಮಾಧಿ. 1993ರಲ್ಲಿ ಶೂಟಿಂಗ್ ವೇಳೆ ಗುಂಡು ತಗುಲಿ ಸತ್ತಾಗ ಅವನಿಗೆ 28.