ಫೆರ್ಡಿನಂಡ್ ಕಿಟ್ಟೆಲ್ ಅಯ್ಯನವರ ದುಡಿಮೆಯೂ ಮನೆವಾರ್ತೆಯೂ

ವಾಚಕರೇ, ಗುಳೇದಗುಡ್ಡದ ಓಣಿಗಳಲ್ಲಿ ನಡೆದುಹೋಗುವವನ ಕಿವಿಗೆ ಇಂದಿಗೂ ಕೆಲವು ಮನೆಗಳೊಳಗಿಂದ ಮಗ್ಗದ ಸಪ್ಪಳವು ಕೇಳಬರುತ್ತದೆ. ಖಣ ನೇಯುವ ಆ ಮನೆಗಳಲ್ಲಿ ಮಗ್ಗ, ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳನ್ನು ತಾಯಿಯು ಮಗುವಿಗೆ ಬೇರೆಯಾಗಿ ಕಲಿಸುವದಿಲ್ಲ. ಅವು ಅನ್ನದ ಸಂಗಡಲೇ ಬಾಯಿಗೆ ಬರುತ್ತವೆ. ಇಂಥ ಮಾತುಗಳನ್ನೂ, ಹಳೇ ಕವಿಗಳ ಓಲೆಗರಿಗಳಲ್ಲಿ ಮರೆತುಹೋಗಿದ್ದ ಮಾತುಗಳನ್ನೂ ಒಂದೊಂದಾಗಿ ಕೂಡಿಸುವದರಲ್ಲಿ ತಮ್ಮ ಆಯುಷ್ಯವನ್ನು ಸವಿಸಿದ ಪರದೇಶದವರೊಬ್ಬರ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ. ಅವರು ಫೆರ್ಡಿನಂಡ್ ಕಿಟ್ಟೆಲ್ ಅಯ್ಯನವರು. ಅವರ ನಿಘಂಟಿನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಅವರೂ ಒಬ್ಬ ಗಂಡನೂ ಮಕ್ಕಳ ತಂದೆಯೂ ಆಗಿದ್ದರೆಂಬದನ್ನು ಯೋಚಿಸಿದವರು ನಮ್ಮ ಸಭೆಗಳಲ್ಲಿ ಬಹು ಕೆಲವರೇ ಇರಬೇಕು. ಈ ಎರಡನೆಯ ಸಂಗತಿಯ ಮೇಲೆಯೇ ನಮ್ಮ ಮನಸ್ಸು ಹೆಚ್ಚಾಗಿ ನಿಂತಿದೆ.

ಅವರು 1832ನೇ ಇಸವಿಯ ಏಪ್ರಿಲ್ 7ರಂದು ಜರ್ಮನಿಯ ಉತ್ತರ ಸಮುದ್ರದ ದಡದಲ್ಲಿರುವ ಪೂರ್ವ ಫ್ರೀಸ್‌ಲಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯವರು ಅಲ್ಲಿಯ ಸಭಾಪಾಲಕರು. ಫೆರ್ಡಿನಂಡನು ಅವರ ಚೊಚ್ಚಲ ಮಗನು. ಅದೇ 1832ರಲ್ಲಿ ಲಂಡನ್ ಮಿಶನ್ನಿನ ವಿಲಿಯಂ ರೀವ್ ಎಂಬವರು ರಚಿಸಿದ ಕನ್ನಡ ಇಂಗ್ಲಿಷ್ ನಿಘಂಟು ನಮ್ಮ ದೇಶದಲ್ಲಿ ಅಚ್ಚಾಗಿ ಬಂತು. ಅದನ್ನು ಮೀರಿಸುವ ಗ್ರಂಥವನ್ನು ಬರೆಯತಕ್ಕವನು ಆಗಲೇ ಬಹುದೂರದಲ್ಲಿ ತೊಟ್ಟಿಲಲ್ಲಿ ಮಲಗಿದ್ದನು. ಹುಡುಗನು ಔರಿಖ್ ಪಟ್ಟಣದ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್, ಇಬ್ರಿಯ ಮೊದಲಾದ ಭಾಷೆಗಳನ್ನು ಚೆನ್ನಾಗಿ ಕಲಿತು, 1850ರಲ್ಲಿ ಬಾಸೆಲ್ ಪಟ್ಟಣದ ಮಿಶನ್ ಸೆಮಿನರಿಯನ್ನು ಸೇರಿ, 1853ರಲ್ಲಿ ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹಿಂದುಸ್ಥಾನಕ್ಕೆ ಕಳುಹಿಸಲ್ಪಟ್ಟನು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಿದ್ದರು. ನಮ್ಮ ಗುಳೇದಗುಡ್ಡದ ಠಾಣ್ಯವು 1851ರಲ್ಲಿ ಆರಂಭವಾಯಿತು. ಆದಕಾರಣ ಕಿಟ್ಟೆಲ್ ಅಯ್ಯನವರು ಧಾರವಾಡದ ಸೀಮೆಗೆ ಬಂದಾಗ ಇಲ್ಲಿಯ ಸಭೆಯು ಎರಡು ವರ್ಷದ ಕೂಸಾಗಿತ್ತು. ಹೊಸದಾಗಿ ಬಂದ ಈ ಯೌವನಸ್ಥರು ಕೋಣೆಯಲ್ಲಿ ಕೂತು ಪುಸ್ತಕದಿಂದ ಕನ್ನಡ ಕಲಿಯುವದರಲ್ಲಿ ತೃಪ್ತರಾಗದೆ, ಹಳ್ಳಿಗಳಿಗೆ ಕಾಲ್ನಡೆಯಾಗಿ ಹೋಗಿ, ಜನರು ಆಡುವ ಮಾತನ್ನು ಅವರ ಬಾಯಿಂದಲೇ ಕಲಿತರು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಒಂಭತ್ತನೆಯ ಅಧ್ಯಾಯದಲ್ಲಿ ತನ್ನ ಸೇವೆಯ ಕ್ರಮವನ್ನು ತಿಳಿಸಿದ್ದಾನಷ್ಟೆ; ಹಿಂದುಸ್ಥಾನದವರ ನಡುವೆ ಹಿಂದುಸ್ಥಾನದವನ ಹಾಗೆ ಇರಬೇಕೆಂಬದು ಇವರ ಆಶೆಯಾಗಿತ್ತು. ಈ ರೀತಿಯು ಹಿರಿಯ ಮಿಶನೆರಿಗಳಲ್ಲಿ ಕೆಲವರಿಗೆ ಸರಿಬೀಳಲಿಲ್ಲ. ಇವರ ಸ್ವಭಾವವೂ ಎಲ್ಲರೊಡನೆ ಸುಲಭವಾಗಿ ಹೊಂದಿಕೊಳ್ಳುವಂಥದ್ದಾಗಿರಲಿಲ್ಲ. ಸತ್ಯವೇದವು ಮೋಶೆ ದಾವೀದರ ತಪ್ಪುಗಳನ್ನೇ ಮರೆಮಾಡದಿರುವಾಗ ನಾವು ಇದನ್ನು ಮರೆಮಾಡುವದೇಕೆ?

ಮುಂದೆ ಅವರು ಮಂಗಳೂರಿನಲ್ಲಿ ಕೆಲಸಕ್ಕೆ ನೇಮಿಸಲ್ಪಟ್ಟರು. 1860ರಲ್ಲಿ ಪೌಲಿನೆ ಐತ್ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. 1862ರಲ್ಲಿ ಕರ್ತನಾದ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಪದ್ಯವಾಗಿ ಕಟ್ಟಿ ಕಥಾಮಾಲೆಯೆಂಬ ಹೆಸರಿನಿಂದ ಪ್ರಕಟಿಸಿದರು. ಜರ್ಮನ್ ರಾಗದ ಗೀತಗಳನ್ನು ಕನ್ನಡಕ್ಕೆ ತಿರುಗಿಸಿ ಹಾಡಿಸುವದೇ ವಾಡಿಕೆಯಾಗಿದ್ದ ದಿವಸಗಳಲ್ಲಿ ಇದು ಸಣ್ಣ ಧೈರ್ಯವಲ್ಲ. ಪುರಾಣವನ್ನು ಕೇಳಿ ಪಳಗಿದ ಕಿವಿಗೆ ಸುವಾರ್ತೆಯೂ ಅದೇ ನಡೆಯಲ್ಲಿ ಬರಲಿ ಎಂಬದು ಅವರ ವಿಚಾರವಾಗಿತ್ತು. ನಮ್ಮ ಹಳ್ಳಿಗಳಲ್ಲಿ ಭಜನೆಯ ಧಾಟಿಯಿಂದ ಹಾಡುವ ಸಭೆಯವರು ಇದರ ಬೆಲೆಯನ್ನು ಬಲ್ಲರು.

ಆದರೆ ಆ ಮನೆಯ ಸುಖವು ಬಹುಕಾಲ ನಿಲ್ಲಲಿಲ್ಲ. 1864ರಲ್ಲಿ ಪೌಲಿನೆ ಅಮ್ಮನವರು ಎರಡು ಗಂಡು ಮಕ್ಕಳನ್ನು ಬಿಟ್ಟು ತೀರಿಕೊಂಡರು. ಮದುವೆಯಾಗಿ ನಾಲ್ಕೇ ವರ್ಷಗಳಾಗಿದ್ದವು. 1867ರಲ್ಲಿ ಅಯ್ಯನವರು ಪೌಲಿನೆ ಅಮ್ಮನವರ ಸಹೋದರಿಯಾದ ಯೂಲಿಯೆ ಎಂಬವರನ್ನು ಮದುವೆಯಾದರು. ತಾಯಿಯಿಲ್ಲದ ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾಗುವದು ನಮ್ಮ ಕಡೆಯಲ್ಲಿಯೂ ಉಂಟಷ್ಟೆ. ಈ ಮದುವೆಯಿಂದಲೂ ಮಕ್ಕಳಾದರು.

ಆ ಮೇಲಿನ ವರ್ಷಗಳಲ್ಲಿ ಅವರ ದುಡಿಮೆಯು ಬಲವಾಗಿ ಬೆಳೆಯಿತು. ಕೊಡಗಿನ ಮಡಿಕೇರಿಯಲ್ಲಿದ್ದುಕೊಂಡು, ಕೇಶಿರಾಜನ ಶಬ್ದಮಣಿದರ್ಪಣವೆಂಬ ಹಳೇ ವ್ಯಾಕರಣವನ್ನು ಹಲವು ಪ್ರತಿಗಳಿಂದ ಶೋಧಿಸಿ 1872ರಲ್ಲಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಹೊರಡಿಸಿದರು. ಮರುವರ್ಷ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕವನ್ನು ಬರೆದರು. ಇಷ್ಟರೊಳಗೆ ದೊಡ್ಡ ನಿಘಂಟಿನ ಕೆಲಸವೂ ಅವರ ಮೇಲೆ ಬಿದ್ದಿತ್ತು.

ನಿಘಂಟು ಮಾಡುವದೆಂದರೆ ಏನೆಂಬದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಯಾಕಂದರೆ ಹೊಲದಲ್ಲಿಯೂ ಮಗ್ಗದಲ್ಲಿಯೂ ದುಡಿಯುವವರಿಗೆ ಕುರ್ಚಿಯ ಮೇಲಿನ ಕೆಲಸವು ಕೆಲಸವೇ ಅಲ್ಲವೆಂದು ಕಾಣುವದುಂಟು. ಒಂದು ಮಾತನ್ನು ತೆಗೆದುಕೊಂಡರೆ, ಅದು ಹಳಗನ್ನಡದಲ್ಲಿ ಹೇಗಿತ್ತು, ನಡುಗನ್ನಡದಲ್ಲಿ ಹೇಗಾಯಿತು, ಈಗ ಹೇಗೆ ಆಡುತ್ತಾರೆ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಅದರ ಒಡಹುಟ್ಟಿದ ಮಾತು ಯಾವದು, ಸಂಸ್ಕೃತದಿಂದ ಬಂತೋ ಅಥವಾ ಸಂಸ್ಕೃತವೇ ಅದನ್ನು ನಮ್ಮಿಂದ ತೆಗೆದುಕೊಂಡಿತೋ, ಯಾವ ಕವಿ ಯಾವ ಅರ್ಥದಲ್ಲಿ ಬಳಸಿದನು, ಯಾವ ಗಾದೆಯಲ್ಲಿ ಅದು ಬರುತ್ತದೆ, ಇಷ್ಟನ್ನೂ ನೋಡಬೇಕು. ಓಲೆಗರಿಯಲ್ಲಿ ಬರೆದವನ ಕೈತಪ್ಪಿದ್ದರೆ ಅದನ್ನು ಬೇರೆ ಪ್ರತಿಗಳೊಡನೆ ಹೋಲಿಸಬೇಕು. ಹಳಗನ್ನಡದ ಱ, ೞ ಎಂಬ ಅಕ್ಷರಗಳು ಬಳಕೆಯಿಂದ ಹೋದ ಮೇಲೆ ಯಾವ ಮಾತಿನಲ್ಲಿ ಮೊದಲು ಯಾವ ಅಕ್ಷರವಿತ್ತೆಂಬದನ್ನು ಗೊತ್ತುಮಾಡಬೇಕು. ಒಂದು ಮಾತು ಮುಗಿದ ಮೇಲೆ ಮತ್ತೊಂದು. ಹೀಗೆ ಸುಮಾರು 70,000 ಮಾತುಗಳು! ಎಲ್ಲವೂ ಕೈಬರಹ. ಕನ್ನಡ ಪಂಡಿತರ ಸಹಾಯವು ಅವರಿಗಿತ್ತು. ಈ ಪಂಡಿತರಿಲ್ಲದೆ ಅದು ಆಗುತ್ತಿದ್ದಿಲ್ಲವೆಂಬದನ್ನೂ ಹೇಳುವದು ನ್ಯಾಯ. ಮಗ್ಗಕ್ಕೆ ಹಾಸು ಕೂಡಿಸಿ ಕಟ್ಟುವವರು ಒಂದೇ ಒಂದು ಎಳೆ ತಪ್ಪಿದರೆ ಮುಂದೆ ಏನಾಗುವದೆಂದು ಬಲ್ಲರು. ಅಂಥ ಎಚ್ಚರದಿಂದ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ಆ ಕೆಲಸಕ್ಕೆ ಕೂತರು.

ಮಿಶನ್ನಿನ ಕೆಲವರಿಗೆ ಇದರಿಂದ ಸಮಾಧಾನವಿರಲಿಲ್ಲ. ಸುವಾರ್ತೆ ಸಾರುವದಕ್ಕೆ ಬಂದವನು ಶಬ್ದಗಳ ಹಿಂದೆ ಹೋಗಬಹುದೋ ಎಂಬ ಸಂದೇಹವು ಏಳುವದು ಸಹಜವೇ. ಇವರ ಪ್ರಸಂಗಗಳಿಂದ ಬಹುಜನರು ಕ್ರಿಸ್ತನ ಬಳಿಗೆ ಬಂದರೆಂದು ನಾವು ಬರೆಯಲಾರೆವು. ಆದರೆ ಜನರ ಮಾತನ್ನು ಅರಿಯದ ಪ್ರಸಂಗವು ಎಷ್ಟು ದೂರ ಹೋಗುವದೆಂಬದು ಹಳ್ಳಿಹಳ್ಳಿಗೆ ತಿರುಗುವ ಉಪದೇಶಿಗಳಾದ ನಮಗೆ ತಿಳಿಯದ್ದಲ್ಲ.

1877ರಲ್ಲಿ ದೇಹಸ್ಥಿತಿಯು ಕೆಟ್ಟದ್ದರಿಂದ ಅವರು ಜರ್ಮನಿಗೆ ಹಿಂದಿರುಗಿದರು. ಅಲ್ಲಿಯೂ ನಿಘಂಟಿನ ಕೆಲಸವನ್ನು ಬಿಡಲಿಲ್ಲ. ಆದರೆ ಸಂದೇಹ ಬಂದಾಗ ಕೇಳುವದಕ್ಕೆ ಅಲ್ಲಿ ಪಂಡಿತರಿಲ್ಲ, ಸಂತೆಯಿಲ್ಲ, ಕನ್ನಡವಾಡುವ ಒಂದು ಬಾಯೂ ಇಲ್ಲ. ಕೆಲಸವು ಮುಗಿಯಬೇಕಾದರೆ ಕನ್ನಡ ನಾಡಿಗೇ ಬರಬೇಕಾಗಿತ್ತು. ಆಗ 1883ರಲ್ಲಿ, ಐವತ್ತೊಂದು ವರ್ಷದವರಾಗಿ, ಹೆಂಡತಿಯನ್ನೂ ಮಕ್ಕಳನ್ನೂ ಜರ್ಮನಿಯಲ್ಲಿ ಬಿಟ್ಟು, ಮೂರನೆಯ ಸಾರಿ ಒಬ್ಬರೇ ಹಡಗು ಹತ್ತಿದರು. ಹಿಂದಿರುಗಿದ್ದು 1892ರಲ್ಲಿ. ಒಂಭತ್ತು ವರ್ಷ!

ವಾಚಕರೇ, ಇಲ್ಲಿ ನಾವು ತುಸು ನಿಲ್ಲಬೇಕು. ಮಿಶನೆರಿಗಳ ಮನೆಗಳಲ್ಲಿ ಅಗಲಿಕೆಯು ಹೊಸದಾಗಿರಲಿಲ್ಲ. ಮಕ್ಕಳು ಶಾಲೆಯ ವಯಸ್ಸಿಗೆ ಬಂದ ಕೂಡಲೆ ಅವರನ್ನು ಹಡಗಿನಲ್ಲಿ ಕಳುಹಿಸಿ ಬಾಸೆಲಿನ ಮಕ್ಕಳ ಮನೆಯಲ್ಲಿ ಇರಿಸುವದು ಆಗಿನ ಪದ್ಧತಿಯಾಗಿತ್ತು. ತಾಯಿಯು ಏಳೆಂಟು ವರ್ಷದ ಮಗನನ್ನು ರೇವಿನಲ್ಲಿ ಮುದ್ದಿಟ್ಟು ಕಳುಹಿಸಿದರೆ ಮುಂದೆ ಕಾಣುವಾಗ ಅವನಿಗೆ ಮೀಸೆ ಬಂದಿರುತ್ತಿತ್ತು. ಆದರೆ ಮನೆಯ ಯಜಮಾನನೇ ನಿಘಂಟಿನ ಸಲುವಾಗಿ ಒಂಭತ್ತು ವರ್ಷ ದೂರವಿರುವದು ಬೇರೆ ಮಾತು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಸ್ವಂತ ಮನೆಯವರನ್ನು ಸಂರಕ್ಷಿಸದವನ ವಿಷಯವಾಗಿ ಅಪೊಸ್ತಲನು ಕಠಿಣವಾಗಿ ಬರೆದಿದ್ದಾನೆ. ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿಯೋ, ತನ್ನ ನಿಮಿತ್ತ ಮನೆಮಕ್ಕಳನ್ನು ಬಿಟ್ಟವರಿಗೆ ಕರ್ತನು ವಾಗ್ದಾನ ಮಾಡಿದ್ದಾನೆ. ಎರಡೂ ಒಂದೇ ಸತ್ಯವೇದದಲ್ಲಿವೆ.

ಈ ಪ್ರಶ್ನೆಯು ನಮ್ಮ ಸೀಮೆಯವರಿಗೆ ದೂರದ್ದಲ್ಲ. ಮಳೆ ಹೋದ ವರ್ಷ ಬಾದಾಮಿ ಹುನಗುಂದಗಳ ಹಳ್ಳಿಗಳಿಂದ ಗುಳೆ ಹೋಗುವ ತಂದೆಗಳನ್ನು ನಾವು ಕಂಡಿದ್ದೇವೆ. ಗೋವೆಯಿಂದಲೋ ಮಂಗಳೂರಿನಿಂದಲೋ ಹಣ ಬರುತ್ತದೆ, ತಂದೆಯು ಬರುವದಿಲ್ಲ. ನಾವು ಕೂಡ ಸೆಮಿನರಿಗೆ ಹೊರಟ ದಿವಸ ನಮ್ಮ ಹಿರಿಯ ಮಗಳು ತೊಟ್ಟಿಲಲ್ಲಿದ್ದಳು. ರಜೆಗೆ ಬಂದಾಗ ನಮ್ಮನ್ನು ಕಂಡು ಅಳುತ್ತಾ ಅಜ್ಜಿಯ ಸೀರೆಯ ಹಿಂದೆ ಅಡಗಿಕೊಂಡಳು. ಅದು ಕೆಲವೇ ತಿಂಗಳ ಅಗಲಿಕೆ. ಒಂಭತ್ತು ವರ್ಷವೆಂದರೆ ಎಷ್ಟೆಂದು ಅಂದಿನಿಂದ ನಾವು ಅನೇಕ ಸಾರಿ ಎಣಿಸಿದ್ದೇವೆ.

ನಮ್ಮ ಮಟ್ಟಿಗೆ ಹೇಳುವದಾದರೆ, ಕಿಟ್ಟೆಲ್ ಅಯ್ಯನವರು ಮನೆಯನ್ನು ಅಲಕ್ಷ್ಯ ಮಾಡಿದರೆಂದು ನಾವು ಎಣಿಸುವದಿಲ್ಲ. ಆದರೆ ಆ ಒಂಭತ್ತು ವರ್ಷಗಳ ಬೆಲೆಯನ್ನು ಅವರೊಬ್ಬರೇ ಕೊಟ್ಟರೆಂದೂ ಎಣಿಸುವದಿಲ್ಲ. ತನ್ನ ಸಹೋದರಿಯ ಮಕ್ಕಳಿಗೂ ತನ್ನ ಮಕ್ಕಳಿಗೂ ತಾಯಿಯಾಗಿದ್ದ ಯೂಲಿಯೆ ಅಮ್ಮನವರು ಸಂಸಾರದ ಭಾರವನ್ನು ಹೊತ್ತದ್ದರಿಂದಲೇ ಅಯ್ಯನವರು ಇಲ್ಲಿ ಲೇಖಣಿ ಹಿಡಿದು ಕೂರುವದಕ್ಕೆ ಆಯಿತು. ನಿಘಂಟಿನ ಮೊದಲನೆಯ ಪುಟದಲ್ಲಿ ಒಂದೇ ಹೆಸರು ಉಂಟು. ನಾವು ಅದನ್ನು ಓದುವಾಗಲೆಲ್ಲಾ ಎರಡು ಹೆಸರುಗಳನ್ನು ನೆನಸಿಕೊಳ್ಳುತ್ತೇವೆ. ಎಳೇ ವಯಸ್ಸಿನಲ್ಲಿ ಕಾಲವಾದ ಪೌಲಿನೆ ಅಮ್ಮನವರನ್ನೂ ಕೂಡಿಸಿದರೆ ಮೂರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂತು. 1700 ಪುಟಗಳಿಗೂ ಮಿಕ್ಕಿದ ಆ ಗ್ರಂಥವನ್ನು ನಾವು ಸೆಮಿನರಿಯಲ್ಲಿ ಮೊದಲನೆಯ ಸಾರಿ ಎತ್ತಿದಾಗ ಎರಡೂ ಕೈ ಬೇಕಾಯಿತು. ನಾವು ಮೊದಲು ಹುಡುಕಿದ್ದು ದೇವಶಾಸ್ತ್ರದ ಮಾತನ್ನಲ್ಲ, ಮಗ್ಗವೆಂಬ ಮಾತನ್ನು. ನೇಕಾರರ ಊರಿನಿಂದ ಹೋದವರಿಗೆ ಅದೇ ನೆನಪಾಯಿತು, ಅದು ಅಲ್ಲಿತ್ತು. ವೇದಶಾಸ್ತ್ರದ ಪದಕ್ಕೂ ಒಕ್ಕಲಿಗನ ಪದಕ್ಕೂ ಆ ಪುಸ್ತಕದಲ್ಲಿ ಪಂಕ್ತಿಭೇದವಿಲ್ಲ. ಮುಂದೆ 1968ರಿಂದ 1971ರ ವರೆಗೆ ಮದ್ರಾಸ್ ವಿಶ್ವವಿದ್ಯಾನಿಲಯದವರು ಮರಿಯಪ್ಪ ಭಟ್ಟರ ಕೈಯಿಂದ ಅದನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಾಗಿ ಹೊರಡಿಸಿದರು. ಧಾರವಾಡದಲ್ಲಿ ಅಯ್ಯನವರ ಹೆಸರಿನ ಕಾಲೇಜು ಉಂಟು. ಬೆಂಗಳೂರಿನಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಕ್ರೈಸ್ತರಲ್ಲದ ಕನ್ನಡಿಗರೂ ಅವರನ್ನು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ಅಷ್ಟಕ್ಕೆ ಅವರು ಲೇಖಣಿಯನ್ನು ಕೆಳಗಿಡಲಿಲ್ಲ. ಅರವತ್ತು ದಾಟಿದ ಮೇಲೆಯೂ ಹಳಗನ್ನಡ ನಡುಗನ್ನಡ ಹೊಸಗನ್ನಡಗಳೆಂಬ ಮೂರು ರೀತಿಗಳ ವ್ಯಾಕರಣವನ್ನು ಬರೆಯುತ್ತಾ ಹೋಗಿ ಅದನ್ನು ಮುಗಿಸಿದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ದಶಂಬರ ತಿಂಗಳಲ್ಲಿ, ಕ್ರಿಸ್ತಜಯಂತಿಗೆ ಕೆಲವು ದಿವಸಗಳಿರುವಾಗ, ಟ್ಯೂಬಿಂಗೆನ್ ಪಟ್ಟಣದಲ್ಲಿ ಕಿಟ್ಟೆಲ್ ಅಯ್ಯನವರು ಕರ್ತನಲ್ಲಿ ನಿದ್ರೆಹೋದರು. ಆಗ ಅವರಿಗೆ ಎಪ್ಪತ್ತೊಂದು ವರ್ಷ. ಈ ಸಾರಿ ಅವರು ಹೊರಟದ್ದು ಪರದೇಶದಿಂದಲ್ಲ, ತಮ್ಮವರ ನಡುವಿನಿಂದ.